ಎರಡು ಕಣ್ಣಿನ ಮಡಕೆ

ನಾನು ಒಂದು ಮಡಕೆ. ಕಲ್ಲುತೂಬು ಎಂಬ ಊರಿನ ದೊಡ್ಡಕೆರೆಯ ಜೇಡಿಮಣ್ಣಿನಿಂದ ಹುಟ್ಟಿದವನು. ಮಣ್ಣು ಶರೀರವಾಯಿತು, ನೀರು ಅದನ್ನು ಹದಗೊಳಿಸಿತು, ಗಾಳಿ ಆರಿಸಿತು, ಆವಿಗೆಯ ಬೆಂಕಿ ಗಟ್ಟಿಮಾಡಿತು. ಒಳಗೆ ಉಳಿದ ಬರಿಯ ಜಾಗವು ಆಕಾಶದ ಪಾಲು. ಹೀಗೆ ಐದು ಭೂತಗಳೂ ಸೇರಿ ಆದವನು ನಾನು. ಈ ವಿಷಯದಲ್ಲಿ ಮನುಷ್ಯರಿಗೂ ನನಗೂ ಭೇದವಿಲ್ಲವೆಂದು ಬಲ್ಲವರು ಹೇಳುತ್ತಾರೆ. ತರ್ಕಶಾಸ್ತ್ರವನ್ನು ಓದುವವರಂತೂ ಎರಡು ವಸ್ತುಗಳನ್ನು ಬಿಟ್ಟು ಬೇರೆ ಉದಾಹರಣೆಯನ್ನೇ ಅರಿಯರು: ಒಂದು ಘಟ, ಇನ್ನೊಂದು ಪಟ. ಘಟವೆಂದರೆ ಮಡಕೆ, ಪಟವೆಂದರೆ ಬಟ್ಟೆ. ಇವರಿಬ್ಬರಲ್ಲಿ ಮೊದಲನೆಯವನು ನಾನೆಂಬ ಹೆಮ್ಮೆ ನನಗೆ ಬಹುಕಾಲ ಇತ್ತು. ಎರಡನೆಯವನ ಮಹಿಮೆ ಆಮೇಲೆ ತಿಳಿಯಿತು.

ನನ್ನನ್ನು ಮಾಡಿದವನು ಕುಂಬಾರ ಚಿನ್ನಪ್ಪ. ನೀರು ತುಂಬುವ ಕೊಡವಾಗಿ ಅಲ್ಲ, ಅಂಬಲಿ ಕಾಯಿಸುವ ಗಡಿಗೆಯಾಗಿಯೂ ಅಲ್ಲ. ಮನುಷ್ಯನ ತಲೆಯೊಂದು ಒಳಗೆ ಹೋಗುವಷ್ಟು ಬಾಯಿ ಅಗಲಿಸಿ, ಮೈಯನ್ನು ತೆಳ್ಳಗೆ ತಟ್ಟಿ, ಹಸಿಯಾಗಿದ್ದಾಗಲೇ ಹೊಟ್ಟೆಯ ಮೇಲೆ ಎರಡು ಸಣ್ಣ ತೂತುಗಳನ್ನು ಚುಚ್ಚಿದನು. ತೊಗರಿಯ ಕಾಳು ತೂರಿದರೆ ಹೆಚ್ಚು, ಅಷ್ಟು ಸಣ್ಣವು. ನನ್ನ ಜೊತೆಗೆ ಹುಟ್ಟಿದ ಆರು ಮಂದಿ ತಮ್ಮಂದಿರಿಗೆ ಆ ತೂತುಗಳಿರಲಿಲ್ಲ. ಕಣ್ಣುಳ್ಳವನು ನಾನೊಬ್ಬನೇ.

ನಮ್ಮನ್ನು ಮಾಡಿಸಿದವನು ಬಾತು ಹಿಡಿಯುವ ಕಾಟಯ್ಯ. ಅವನ ತಂದೆಯೂ ತಾತನೂ ಅದೇ ಕೆಲಸದವರು. ಅವರ ಪದ್ಧತಿ ವಿಚಿತ್ರವಾದುದು. ಚಳಿಗಾಲದಲ್ಲಿ ಬಡಗಣ ದೇಶದ ಬಾತುಗಳು ಕೆರೆಗೆ ಇಳಿದೊಡನೆ ಕಾಟಯ್ಯನು ನನ್ನ ತಮ್ಮಂದಿರನ್ನು ಬೋರಲಾಗಿ ನೀರಿನ ಮೇಲೆ ತೇಲಬಿಡುವನು. ಎರಡು ಮೂರು ದಿನ ಹಕ್ಕಿಗಳು ಅವುಗಳನ್ನು ಸಂದೇಹದಿಂದ ನೋಡುವುವು. ಆಮೇಲೆ ಪಕ್ಕದಲ್ಲೇ ಈಜುವುವು. ಕೊನೆಗೆ ಅವುಗಳ ಮೇಲೆಯೇ ಕುಳಿತು ಗರಿ ತೀಡಿಕೊಳ್ಳುವುವು. ಆಗ ಒಂದು ಬೆಳಗ್ಗೆ ಕಾಟಯ್ಯನು ನನ್ನನ್ನು ತಲೆಗೆ ಬೋರಲು ಹಾಕಿಕೊಂಡು, ಕತ್ತಿನವರೆಗೆ ನೀರಿನಲ್ಲಿ ಮುಳುಗಿ, ಮೆಲ್ಲನೆ ನಡೆಯುವನು. ಏಳನೆಯ ಮಡಕೆಯೊಂದು ತೇಲಿಬರುತ್ತಿದೆಯೆಂದು ಬಾತುಗಳು ಭಾವಿಸುವುವು. ಹತ್ತಿರ ಬಂದೊಡನೆ ನೀರಿನಡಿಯಿಂದ ಕೈಚಾಚಿ, ಕಾಲು ಹಿಡಿದು ಒಳಕ್ಕೆ ಸೆಳೆದು, ಸೊಂಟದ ಹಗ್ಗಕ್ಕೆ ಸಿಕ್ಕಿಸುವನು. ಪಕ್ಕದ ಬಾತಿಗೂ ಅದು ತಿಳಿಯದು.

ಇದು ಹಿಂಸೆಯಲ್ಲವೇ ಎಂದು ನೀವು ಕೇಳಬಹುದು. ಹಿಂಸೆಯೇ. ಆದರೆ ಅಂದಿನ ಕಾಲಕ್ಕೆ ಅದು ಊರು ಒಪ್ಪಿದ ಜೀವನೋಪಾಯವಾಗಿತ್ತು, ಅದಕ್ಕೆ ಮಿತಿಗಳೂ ಇದ್ದವು. ಸಂಕ್ರಾಂತಿ ಕಳೆದ ಮೇಲೆ ಹಿಡಿಯುವಂತಿಲ್ಲ. ಒಂದು ಬೆಳಗ್ಗೆ ಮೂರಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜಕ್ಕವಕ್ಕಿಗಳನ್ನು ಮುಟ್ಟುವಂತಿಲ್ಲ.

ಜಕ್ಕವಕ್ಕಿಯೆಂದರೆ ಸಂಸ್ಕೃತದವರು ಚಕ್ರವಾಕವೆಂದು ಕರೆಯುವ ಪಕ್ಷಿ. ಕಾವಿಯ ಬಣ್ಣದ ಮೈ, ಗಂಧ ಪೂಸಿದಂತಹ ಮುಖ, ಸದಾ ಜೋಡಿ. ನಮ್ಮ ಕೆರೆಗೆ ವರ್ಷಕ್ಕೊಂದೇ ಜೋಡಿ ಬರುತ್ತಿತ್ತು. ಪೂರ್ವದಲ್ಲಿ ಕೆರೆಯ ಏರಿ ನಿಲ್ಲದೆ ಮತ್ತೆ ಮತ್ತೆ ಒಡೆಯುತ್ತಿದ್ದಾಗ, ಇಂತಹುದೇ ಒಂದು ಜೋಡಿ ಕೆಸರಿನಲ್ಲಿ ನಡೆದುಹೋದ ಹೆಜ್ಜೆಯ ಜಾಡಿನಲ್ಲಿಯೇ ಊರಿನವರು ಏರಿ ಹಾಕಿದರಂತೆ, ಅದು ನಿಂತಿತಂತೆ. ಆದುದರಿಂದ ಅವು ಏರಿಯ ಕಾವಲಿನವು. ಅವು ಬಂದುವೆಂದರೆ, ತೂಬಿನ ಪಕ್ಕದ ಜನಾರ್ದನ ಗುಡಿಯ ಅರ್ಚಕರು ತೂಬಿನ ಕಲ್ಲುಕಂಬಕ್ಕೆ ಒಂದು ಬಿಳಿಯ ಪಟವನ್ನು ಕಟ್ಟುವರು. ಪಟ ಏರಿತೆಂದರೆ ಕಾಟಯ್ಯ ನೀರಿಗೆ ಇಳಿಯಬಾರದು. ನಿಯಮ ಮೀರಿ ಜಕ್ಕವಕ್ಕಿಯನ್ನು ಕೊಂದವನ ಮಡಕೆಗಳನ್ನು ಒಡೆದು, ಅವನ ಮನೆಯವರನ್ನು ಊರು ಬಿಡಿಸಬೇಕೆಂಬುದು ಕಟ್ಟಳೆ. ಎಂದೋ ಒಬ್ಬನು ಪಂದ್ಯ ಕಟ್ಟಿ, ಬೇಕೆಂದೇ ಕೊಂದಾಗ ಹುಟ್ಟಿದ ಕಟ್ಟಳೆಯದು. ತಿಳಿಯದೆ ಕೊಂದರೆ ಏನೆಂದು ಅಂದು ಯಾರೂ ಯೋಚಿಸಿರಲಿಲ್ಲ.

ಧನುರ್ಮಾಸದ ಒಂದು ಬೆಳಗ್ಗೆ, ಮಂಜು ಹಾಲಿನ ಕೆನೆಯಂತೆ ನೀರಿನ ಮೇಲೆ ಕಟ್ಟಿದ್ದಾಗ, ಕಾಟಯ್ಯನು ನನ್ನನ್ನು ಹೊತ್ತು ಏರಿಗೆ ಬಂದನು. ಅಭ್ಯಾಸದಂತೆ ಮೊದಲು ತೂಬಿನ ಬಳಿಗೆ ಹೋಗಿ ನೋಡಿದನು. ಕಲ್ಲುಕಂಬ ಬರಿದಾಗಿತ್ತು. ನೀರಿಗೆ ಇಳಿದನು.

ಒಳಗಿದ್ದವನಿಗೆ ನನ್ನ ಕಣ್ಣುಗಳಲ್ಲಿ ಕಾಣುತ್ತಿದ್ದುದು ಏನು? ಬಿಳಿಯ ಮಂಜು, ಅದರೊಳಗೆ ಕದಲುವ ಕಂದು ನೆರಳುಗಳು. ಕಾಟಯ್ಯ ಕಣ್ಣಿಗಿಂತ ಬೆರಳನ್ನೇ ನಂಬುವವನು. ವರಟೆ ಬಾತಿನ ಕಾಲು ಕುಳ್ಳು, ಹೆಬ್ಬಾತಿನ ಕಾಲು ದಪ್ಪ, ಸೂಜಿಬಾಲದ ಬಾತಿನ ಕಾಲು ನಯ. ಹೀಗೆ ನೀರಿನಡಿಯಲ್ಲಿ ಓಲೆಗರಿ ಓದಿದಂತೆ ಕಾಲುಗಳನ್ನು ಓದಬಲ್ಲವನು. ಆದರೆ ಜಕ್ಕವಕ್ಕಿಯ ಕಾಲನ್ನು ಅವನು ಜೀವಮಾನದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಮುಟ್ಟಬಾರದೆಂಬ ನಿಯಮವನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದುದರಿಂದಲೇ ಅದರ ಗುರುತು ಅವನ ಬೆರಳಿಗೆ ಇರಲಿಲ್ಲ. ಸಣ್ಣ ಹೆಬ್ಬಾತೆಂದು ಬಗೆದು ಸೆಳೆದನು. ಮಂಜಿನಾಚೆಯಿಂದ ಇನ್ನೊಂದು ಹಕ್ಕಿ 'ಆಂಗ್' ಎಂದು ಕೂಗಿ ಮೇಲೆದ್ದಿತು. ಆ ಕೂಗನ್ನು ಕೇಳಿದೊಡನೆ ನನ್ನೊಳಗಿನ ಉಸಿರು ನಿಂತುಹೋಯಿತು. ದಡಕ್ಕೆ ಬಂದು ನೋಡಿದರೆ, ಕತ್ತಿನಲ್ಲಿ ಕಪ್ಪು ಪಟ್ಟಿಯುಳ್ಳ ಗಂಡು ಜಕ್ಕವಕ್ಕಿ, ಜೀವ ಹೋಗಿತ್ತು.

ಕೆರೆಯಂಗಳದಲ್ಲಿ ಕೆಸರಿಗೇನು ಕೊರತೆ? ಒಂದು ಗುಳಿ ತೋಡಿ ಹೂಳಿದ್ದರೆ ಕಾಣುವವರು ಯಾರೂ ಇರಲಿಲ್ಲ, ನನ್ನ ಹೊರತು. ನನಗೆ ಬಾಯಿಯಿದ್ದರೂ ಮಾತಿಲ್ಲ. ಕಾಟಯ್ಯನು ಹಕ್ಕಿಯನ್ನು ತನ್ನ ಪಂಚೆಯಲ್ಲಿ ಸುತ್ತಿ, ನನ್ನನ್ನು ಕಂಕುಳಲ್ಲಿ ಇರುಕಿ, ನೇರವಾಗಿ ಗುಡಿಯ ಮೆಟ್ಟಿಲಿಗೆ ಹೋಗಿ ಕುಳಿತನು.

ಹೊತ್ತೇರುವಷ್ಟರಲ್ಲಿ ಊರೆಲ್ಲ ಸೇರಿತು. ಪಟೇಲ ಕೆಂಚೇಗೌಡರು ಜಗಲಿಯ ಮೇಲೆ ಕುಳಿತರು. ದೊಡ್ಡ ತಲೆ, ದೊಡ್ಡ ಕಿವಿ, ಮೆಲುಮಾತಿನ ಮನುಷ್ಯ. ಅರ್ಚಕ ತಿರುಮಲಾಚಾರ್ಯರು ಕಂಬದ ಬಳಿ ನಿಂತರು. ಅವರ ಸ್ವರ ಎಂದಿಗಿಂತ ಎತ್ತರವಾಗಿತ್ತು. ಕಟ್ಟಳೆಯಂತೆ ಆಗಬೇಕೆಂದೂ, ಮೊದಲು ಮಡಕೆ ಒಡೆಯಬೇಕೆಂದೂ ಹೇಳಿದರು. ಕಾಟಯ್ಯ ಬೇಕೆಂದು ಕೊಂದವನಲ್ಲವೆಂದು ಯಾರೋ ನಡುವೆ ನುಡಿದರು.

“ಬೇಕಂತ ಕೊಂದ್ರೂ ಸಾವೇ, ತಿಳೀದೆ ಕೊಂದ್ರೂ ಸಾವೇ,” ಎಂದರು ಆಚಾರ್ಯರು. “ಹಕ್ಕಿಗೇನಯ್ಯ ವ್ಯತ್ಯಾಸ?”

“ಹಕ್ಕಿಗಿಲ್ಲ ಸ್ವಾಮಿ,” ಎಂದರು ಪಟೇಲರು. “ನಮಗೈತಲ್ಲ.”

ಆಗ ಕಾಟಯ್ಯನ ಹೆಂಡತಿ ಬೋರಕ್ಕ ಹೆಂಗಸರ ಗುಂಪಿನಿಂದ ಮುಂದೆ ಬಂದಳು. ಗಂಡನ ಪರವಾಗಿ ಅಳುವಳೆಂದು ಎಲ್ಲರೂ ಎಣಿಸಿದರು. ಅವಳು ಅಳಲಿಲ್ಲ.

“ನಮ್ಮನ್ನ ಊರು ಬಿಡಿಸ್ತೀರಾ, ಬಿಡಿಸಿ ಬುದ್ಧಿ. ಆದ್ರೆ ಒಂದ್ ಮಾತು. ಈವಯ್ಯ ಹಕ್ಕೀನ ತಂದು ನಿಮ್ಮ ಮುಂದೆ ಮಡಗವ್ನೆ. ತಂದೋನ್ಗೇ ಈ ಗತಿ ಅಂದ್ರೆ ನಾಳೆ ಇನ್ನೊಬ್ಬ ತರಾಕಿಲ್ಲ. ಕೆಸರಾಗೆ ತುಳಿದು ಮನೆಗೋಗ್ತಾನೆ. ಆಮ್ಯಾಕೆ ನಿಮ್ಗೆ ಹಕ್ಕೀನೂ ಇಲ್ಲ, ಲೆಕ್ಕಾನೂ ಇಲ್ಲ.”

 ಪಟೇಲರು ನನ್ನನ್ನು ತರಿಸಿಕೊಂಡು, ಮಡಿಲಲ್ಲಿಟ್ಟು, ಹೊರಳಿಸಿ ನೋಡಿದರು. ನನ್ನನ್ನು ಈಗ ಒಡೆಯುತ್ತಾರೆಂದು ನಾನು ದೇವರನ್ನು ನೆನೆದೆ.

“ಏನ್ಲಾ ಕಾಟ, ಇಷ್ಟು ಸಣ್ಣ ಕಣ್ಣಲ್ಲಿ ನಿಂಗೇನ್ ಕಾಣ್ತದ್ಲಾ?”

ಕಾಟಯ್ಯನು ತಲೆಯೆತ್ತದೆ ಹೇಳಿದನು: “ಹಾಕ್ಕೊಂಡು ನೋಡಿ ಬುದ್ಧಿ.”

ಪಟೇಲರ ತಲೆಗೆ ಬೇಟೆಯವನ ಮಡಕೆ!  ಆದರೆ ಪಟೇಲರು ರುಮಾಲು ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ಕೆರೆಗೆ ಇಳಿದೇಬಿಟ್ಟರು. ನನ್ನನ್ನು ತಲೆಗೆ ಒತ್ತಿಕೊಂಡರು. ಅರ್ಧಕ್ಕೆ ಸಿಕ್ಕಿಕೊಂಡಿತು. “ಕಿವಿ, ಕಿವಿ,” ಎಂದು ಒಳಗಿನಿಂದ ಧ್ವನಿ ಕೇಳಿತು. ಇಬ್ಬರು ಬಂದು ಕಿವಿಗಳನ್ನು ಮಡಿಸಿ ಒಳಗೆ ತುರುಕಿದರು.

“ನಮ್ಮನೆಯವನ ತಲೇಗ್ ಮಾಡ್ಸಿದ್ದು ಬುದ್ಧಿ,” ಎಂದಳು ಬೋರಕ್ಕ. “ಪಟೇಲಿಕೆ ತಲೇಗಲ್ಲ.”

ಅಂದು ಬೆಳಗಿನಿಂದ ಮೊದಲ ನಗೆ ಅದು. ಪಟೇಲರು ಒಳಗಿನಿಂದಲೇ ಆಜ್ಞೆ ಮಾಡಿದರು: ಹತ್ತು ಮಂದಿ ಸುತ್ತ ನೀರಿನಲ್ಲಿ ನಿಲ್ಲಬೇಕು, ಯಾರೂ ಮಾತನಾಡಬಾರದು, ತಾನು ಕಾಲು ಹಿಡಿದು ಹೆಸರು ಹೇಳುವೆನು. ಊರಿನವರ ಕಾಲುಗಳನ್ನು ಮೂವತ್ತು ವರ್ಷಗಳಿಂದ ನೋಡಿದವನಿಗೆ ಅದೇನು ಕಷ್ಟವೆಂದರು. ಆಚಾರ್ಯರನ್ನೂ ಇಳಿಯುವಂತೆ ಕೇಳಿದರು. ತಾವು ಮಡಿಯಲ್ಲಿರುವೆವೆಂದು ಆಚಾರ್ಯರು ಹೇಳಿದರು. “ನೀರಿಗಿಂತ ಮಡಿ ಯಾವ್ದು ಸ್ವಾಮಿ?” ಎಂದು ಮಡಕೆ ಕೇಳಿತು. ಅಂದರೆ, ನನ್ನೊಳಗಿದ್ದವರು ಕೇಳಿದರು. ಆಚಾರ್ಯರು ಇಳಿಯಬೇಕಾಯಿತು.

ಪಟೇಲರು ಕತ್ತಿನವರೆಗೆ ನೀರಿನಲ್ಲಿ ಕುಕ್ಕರಿಸಿ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ನನ್ನ ಕಣ್ಣುಗಳಲ್ಲಿ ಅವರಿಗೆ ಕಂಡದ್ದು ಒಬ್ಬನ ಹೊಕ್ಕುಳು, ಇನ್ನೊಬ್ಬನ ಉಡಿದಾರ. ಕೊನೆಗೆ ಧೈರ್ಯಮಾಡಿ ಮುಂದೆ ನುಗ್ಗಿ ಎರಡು ಕಾಲುಗಳನ್ನು ಭದ್ರವಾಗಿ ಹಿಡಿದರು.

“ಇದು ಕಾಟನ ಕಾಲು,” ಎಂದು ಗುಡುಗಿದರು. “ಬೇಟೆಗಾರನ ಕಾಲು. ಹಿಡಿದ್ರೇ ಗೊತ್ತಾಗ್ತದೆ.”

ಎಂದು ಸೆಳೆದರು. ತಿರುಮಲಾಚಾರ್ಯರು ಗುಳುಂ ಎಂದು ನೀರಿನೊಳಗೆ ಹೋಗಿ, ಶಿಖೆಯ ತುಂಬ ಪಾಚಿ ತುಂಬಿಕೊಂಡು ಮೇಲೆ ಬಂದರು. ಕಾಟಯ್ಯನು ದಡದ ಮೆಟ್ಟಿಲಿನ ಮೇಲೆ ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದನು.

ಆ ನಗೆಯನ್ನು ಏನೆಂದು ವರ್ಣಿಸಲಿ? ಏರಿಯ ಮೇಲಿನ ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನೊಳಗಿನ ಪಟೇಲರಿಗೆ ಏಕೆ ನಗುತ್ತಾರೆಂದು ತಿಳಿಯದೆ, “ಸರಿ ಅಲ್ವೇನ್ರಲಾ?” ಎಂದು ಕೇಳಿದಾಗ ನಗೆ ಇಮ್ಮಡಿಯಾಯಿತು. ಕಿವಿಗಳು ಕೆಂಪಗಾಗಿ ಅವರು ಹೊರಬಂದು, ಒದ್ದೆ ಆಚಾರ್ಯರನ್ನು ಕಂಡು, ತಾವೂ ನಕ್ಕರು.

ಅಷ್ಟರಲ್ಲಿ ಆಚೆ ದಡದ ಹುಲ್ಲಿನಿಂದ ಒಂಟಿ ಹಕ್ಕಿ ಕೂಗಿತು. ನಗೆ ನಿಂತಿತು. ಎಲ್ಲರೂ ಅತ್ತ ನೋಡಿದರು. ಅದು ಮತ್ತೆ ಕೂಗಿತು; ಉತ್ತರಕ್ಕಾಗಿ ಕಾದಿತು.

ಆಚಾರ್ಯರು ಒದ್ದೆ ಪಂಚೆಯಲ್ಲಿಯೇ ಮೆಟ್ಟಿಲಿನ ಮೇಲೆ ಕಾಟಯ್ಯನ ಪಕ್ಕದಲ್ಲಿ ಕುಳಿತರು. ಅವರ ಸ್ವರ ಈಗ ಎತ್ತರದಲ್ಲಿರಲಿಲ್ಲ.

“ಗೌಡ್ರೆ, ಇವು ಇವತ್ತು ಬಂದ ಹಕ್ಕಿಗಳಲ್ಲ. ಮೊನ್ನೆ ಸ್ನಾನಕ್ಕೆ ಬಂದಾಗಲೇ ಇವುಗಳ ಕೂಗು ಕೇಳಿದ್ದೆ. ಪಟ ಕಟ್ಟಬೇಕಾಗಿತ್ತು. ಸಂಕ್ರಾಂತಿ ಎಳ್ಳಿಗೆ ಅಂತ ನಮ್ಮವಳು ಅದರ ಮೇಲೆ ಕೊಬ್ಬರಿ ಹರವಿದ್ಲು. ಒಣಗಲಿ, ನಾಳೆ ಕಟ್ಟಿದ್ರಾಯ್ತು ಅಂದ್ಕೊಂಡೆ. ಈಗಲೂ ಅಂಗಳದಲ್ಲೇ ಇದೆ. ಕಾಟಯ್ಯ ಕಂಬ ನೋಡಿಯೇ ಇಳಿದಿರ್ತಾನೆ. ಬಾಯಿಬಿಟ್ಟು ಹೇಳಲಿಲ್ಲ, ಪುಣ್ಯಾತ್ಮ.”

ಕಾಟಯ್ಯನು ಮೆಲ್ಲನೆ ಹೇಳಿದ್ದು ಇಷ್ಟೇ: “ಪಟ ನಿಮ್ದು ಸ್ವಾಮಿ. ಕೈ ನಂದೇ ಅಲ್ವಾ.”

ಇವೆರಡು ಮಾತುಗಳನ್ನು ಕೇಳಿದ ಬಳಿಕ ತೀರ್ಪು ಹೇಳುವುದು ಪಟೇಲರಿಗೆ ಕಷ್ಟವಾಗಲಿಲ್ಲ. ಬೇಕೆಂದು ಕೊಂದವನಿಗೂ, ಕೊಂದು ಬಚ್ಚಿಟ್ಟವನಿಗೂ ಹಳೆಯ ಕಟ್ಟಳೆ ಹಾಗೆಯೇ ಇರಲಿ ಎಂದರು. ತಿಳಿಯದೆ ಕೊಂದು ತಾನಾಗಿ ಬಂದು ಒಪ್ಪಿಕೊಂಡವನಿಗೆ ಅದಲ್ಲ. ಹಾಗೆಂದು ಸುಮ್ಮನೆ ಬಿಡುವಂತೆಯೂ ಇಲ್ಲ, ಒಂದು ಜೀವ ಹೋಗಿದೆ. ಕಾಟಯ್ಯನು ಈ ಚಳಿಗಾಲ ಒಂದು ಬಾತನ್ನೂ ಮುಟ್ಟಬಾರದು. ಒಂಟಿಯಾದ ಹೆಣ್ಣುಹಕ್ಕಿ ತಾನಾಗಿ ಹಾರಿಹೋಗುವವರೆಗೆ ಅದನ್ನು ನಾಯಿನರಿಗಳಿಂದಲೂ ಹದ್ದುಗಳಿಂದಲೂ ಕಾಯಬೇಕು. ಮಧ್ಯಾಹ್ನದ ಕಾವಲು ಆಚಾರ್ಯರದು. ಆ ದಿನಗಳಲ್ಲಿ ಬೋರಕ್ಕನ ಒಲೆ ಆರದಂತೆ ಕೆರೆಯ ಕೆಳಗಿನ ಗದ್ದೆಯವರು ನೋಡಿಕೊಳ್ಳಬೇಕು, ಶಿಕ್ಷೆಯು ಮಕ್ಕಳ ಹೊಟ್ಟೆಗೆ ಅಲ್ಲ. ಇನ್ನು ಮಡಕೆ.

ನಾನು ಕಣ್ಣು ಮುಚ್ಚಿಕೊಳ್ಳಲು ಯತ್ನಿಸಿದೆ. ನನ್ನಂತಹ ಕಣ್ಣುಗಳಿಗೆ ರೆಪ್ಪೆಯಿಲ್ಲ.

“ಇದನ್ನ ಒಡೀಬೇಡಿ,” ಎಂದರು ಪಟೇಲರು, ಕಿವಿ ಸವರಿಕೊಳ್ಳುತ್ತ. “ಕಣ್ಣು ದೊಡ್ಡದು ಮಾಡಿ.”

ಮರುದಿನ ಬೆಳಗ್ಗೆ ಕಾಟಯ್ಯನು ನನ್ನನ್ನು ತೊಡೆಯ ನಡುವೆ ಇಟ್ಟುಕೊಂಡು, ಮೊಳೆಯ ತುದಿಯಿಂದ ಸ್ವಲ್ಪ ಸ್ವಲ್ಪವೇ ಕೆರೆದು, ಮರಳುಗಲ್ಲಿನಿಂದ ಅಂಚು ಉಜ್ಜಿದನು. ಎಲ್ಲಿ ಬಿರುಕು ಬಿಡುವೆನೋ ಎಂದು ಅವನು ಪ್ರತಿ ಸಲ ಉಸಿರು ಹಿಡಿಯುತ್ತಿದ್ದನು, ನಾನೂ ಹಿಡಿಯುತ್ತಿದ್ದೆ. ನೋಯಲಿಲ್ಲವೆಂದರೆ ಸುಳ್ಳಾದೀತು. ಆದರೆ ಕೆಲಸ ಮುಗಿದು ಅವನು ನನ್ನನ್ನು ಏರಿಯ ಮೇಲೆ ಎತ್ತಿ ಹಿಡಿದಾಗ, ನಾನು ಹುಟ್ಟಿದ ಕೆರೆಯನ್ನು ಮೊದಲ ಬಾರಿಗೆ ಇಡಿಯಾಗಿ ಕಂಡೆ. ಅಷ್ಟು ನೀರು! ಅದರ ಮೇಲೆ ಅಷ್ಟು ಬಿಸಿಲು! ಇಷ್ಟು ಕಾಲ ನಾನು ಇದನ್ನೆಲ್ಲ ಎರಡು ಕಾಳುಗಳಷ್ಟಾಗಿ ಮಾತ್ರ ಬಲ್ಲವನಾಗಿದ್ದೆ.

ಆ ಚಳಿಗಾಲ ನನ್ನ ಬಾಳಿನ ಅತ್ಯಂತ ಸುಖದ ಕಾಲ. ಬೆಳಗ್ಗೆ ಕಾಟಯ್ಯನು ನನ್ನನ್ನು ಹಾಕಿಕೊಂಡು ನೀರಿನಲ್ಲಿ ನಿಲ್ಲುವನು. ಹಿಡಿಯಲು ಅಲ್ಲ, ನೋಡಲು. ಒಂಟಿ ಹಕ್ಕಿ ನಮ್ಮಿಂದ ಹತ್ತು ಮಾರು ದೂರದಲ್ಲಿ ಮೇಯುತ್ತಿತ್ತು. ಹತ್ತು ಮಾರು ಎಂಟಾಯಿತು, ಎಂಟು ನಾಲ್ಕಾಯಿತು. ಅವಳ ಎಡಗಣ್ಣಿನ ಮೇಲೆ ಅಕ್ಕಿಯ ಕಾಳಿನಂತಹ ಒಂದು ಬಿಳಿಯ ಗರಿಯಿತ್ತು. ಮೊದಲ ದಿನಗಳಲ್ಲಿ ಅವಳು ಕೂಗಿದಾಗಲೆಲ್ಲ ಕಾಟಯ್ಯನ ಕಣ್ಣೀರು ನನ್ನ ಒಳಗೋಡೆಯ ಮೇಲೆ ಇಳಿಯುತ್ತಿತ್ತು. ಊರು ಬಿಡಿಸಿದ್ದರೆ ಅವನಿಗೆ ಆ ಕೂಗು ಕೇಳಿಸುತ್ತಲೇ ಇರಲಿಲ್ಲ. ದಂಡವು ಹಗುರವಾಯಿತೆಂದು ಗೊಣಗಿದವರು ಇದನ್ನು ಅರಿಯರು.

ಮಧ್ಯಾಹ್ನ ಆಚಾರ್ಯರು ಕೊಡೆ ಹಿಡಿದು ಬರುತ್ತಿದ್ದರು. ನಾಯಿಗಳನ್ನು ಆ ಕೊಡೆಯಿಂದಲೂ, ಹದ್ದನ್ನು ಸ್ತೋತ್ರದಿಂದಲೂ ಓಡಿಸುತ್ತಿದ್ದರು. ಹದ್ದು ಸ್ತೋತ್ರಕ್ಕೆ ಹೆದರಿತೋ, ಅದನ್ನು ಹೇಳುವ ಸ್ವರಕ್ಕೋ, ನಾನು ಹೇಳಲಾರೆ. ಸಂಕ್ರಾಂತಿಯ ದಿನ ಅವರು ಎಳ್ಳುಬೆಲ್ಲದ ಪೊಟ್ಟಣ ತಂದು ಕಾಟಯ್ಯನ ಕೈಗೆ ಕೊಟ್ಟರು. “ಅದೇ ಕೊಬ್ಬರಿ ಕಣಯ್ಯ,” ಎಂದರು. ಇಬ್ಬರೂ ಕೆರೆಯ ಕಡೆ ನೋಡುತ್ತ ತಿಂದರು. ಫಾಲ್ಗುಣದಲ್ಲಿ ಒಂದು ಬೆಳಗ್ಗೆ ಹಕ್ಕಿ ಬಡಗಣಕ್ಕೆ ಹಾರಿತು. ಕಾಟಯ್ಯನು ನನ್ನನ್ನು ತಲೆಯಿಂದ ತೆಗೆದು, ಅದು ಕಣ್ಮರೆಯಾಗುವವರೆಗೆ ನೀರಿನಲ್ಲಿಯೇ ನಿಂತನು.

ಮುಂದಿನ ಮಾರ್ಗಶಿರದಲ್ಲಿ ಊರಿಗೆ ಊರೇ ಆಕಾಶ ನೋಡುತ್ತಿತ್ತು. ಜಕ್ಕವಕ್ಕಿ ಬಾರದಿದ್ದರೆ? ಏರಿಯ ಕಾವಲು ತಪ್ಪಿದರೆ? ಜನರು ಕಾಟಯ್ಯನ ಮುಖವನ್ನು ನೋಡದೆ ನಡೆಯುತ್ತಿದ್ದರು. ಒಂದು ಬೆಳಗ್ಗೆ 'ಆಂಗ್' ಎಂಬ ಕೂಗು ಕೇಳಿತು. ಅದರ ಬೆನ್ನಿಗೇ ಇನ್ನೊಂದು ಕೂಗು ಉತ್ತರ ಕೊಟ್ಟಿತು. ಜನ ಏರಿಗೆ ಓಡಿತು. ನೀರಿನ ಮೇಲೆ ಎರಡು ಕಾವಿಬಣ್ಣದ ಹಕ್ಕಿಗಳು.

ಅವಳೇ ಬಂದಳೋ, ಬೇರೆ ಜೋಡಿಯೋ ಎಂಬ ಚರ್ಚೆ ಹತ್ತಿತು. ಅವಳೇ ಎಂದು ಕಾಟಯ್ಯ ಹೇಳಿದನು. ಪ್ರಮಾಣವೇನೆಂದು ಆಚಾರ್ಯರು ಕೇಳಿದರು. ಶಾಸ್ತ್ರ ಓದಿದವರು ಕೇಳದೆ ಇರುವರೇ?

“ಪ್ರಮಾಣ ಇಲ್ಲೈತೆ ಸ್ವಾಮಿ,” ಎಂದು ಪಟೇಲರು ನನ್ನನ್ನು ಅವರ ಕೈಗೆ ಕೊಟ್ಟರು.

ಮಡಿ ಉಟ್ಟಿದ್ದ ಆಚಾರ್ಯರು ಈ ಸಲ ಒಂದು ಮಾತೂ ಆಡದೆ ನೀರಿಗೆ ಇಳಿದು ನನ್ನನ್ನು ಹಾಕಿಕೊಂಡರು. ನಾವು ಮೆಲ್ಲಮೆಲ್ಲನೆ ಸಾಗಿದೆವು. ಹೊಸ ಗಂಡುಹಕ್ಕಿ ಹಿಂದೆ ಸರಿಯಿತು; ಹೆಣ್ಣು ಸರಿಯಲಿಲ್ಲ. ಅವಳು ನನ್ನ ಗುರುತು ಹಿಡಿದವಳಂತೆ ಹತ್ತಿರಕ್ಕೆ ಬಂದು ಕತ್ತು ಓರೆಮಾಡಿದಳು. ಎಡಗಣ್ಣಿನ ಮೇಲೆ ಅಕ್ಕಿಯ ಕಾಳು.

“ಅವಳೇ,” ಎಂದರು ಆಚಾರ್ಯರು. ನನ್ನೊಳಗೆ ಅಂತಹ ಸಣ್ಣ ಸ್ವರದಲ್ಲಿ ಅವರು ಮಾತನಾಡಿದುದು ಅದೊಂದೇ ಸಲ. ಕೆಲವೇ ನಿಮಿಷಗಳಲ್ಲಿ ತೂಬಿನ ಕಂಬದ ಮೇಲೆ ಪಟ ಏರಿತು. ಕಟ್ಟಿದವರು ಆಚಾರ್ಯರು, ಏಣಿ ಹಿಡಿದವನು ಕಾಟಯ್ಯ. ಬೋರಕ್ಕ ಕೆಳಗೆ ನಿಂತು, ಪಟದ ಮೇಲೆ ಇನ್ನೂ ಕೊಬ್ಬರಿಯ ವಾಸನೆ ಇದೆಯೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಕಾಟಯ್ಯ ಆಮೇಲೆ ಬಾತು ಹಿಡಿಯಲಿಲ್ಲ. ಊರಿನವರು ಅವನನ್ನು ತೂಬಿನ ಕಾವಲಿಗೆ ನೇಮಿಸಿದರು. ನನ್ನ ತಮ್ಮಂದಿರು ಒಬ್ಬೊಬ್ಬರಾಗಿ ಒಡೆದು ಮಣ್ಣಿಗೆ ಮರಳಿದರು. ಕೆಲವು ಕಾಲ ಬೋರಕ್ಕನ ಕೋಳಿಗಳು ನನ್ನೊಳಗೆ ಮೊಟ್ಟೆಯಿಟ್ಟವು. ಮರಿಗಳು ನನ್ನ ಕಣ್ಣುಗಳಲ್ಲಿ ತಲೆ ಹೊರಹಾಕಿ ಲೋಕವನ್ನು ನೋಡಿದವು. ಬೋರಕ್ಕನ ಕಾಲಾನಂತರ ಆಚಾರ್ಯರ ಮೊಮ್ಮಗಳು ರಂಗನಾಯಕಿ ನನ್ನನ್ನು ಕೊಟ್ಟಿಗೆಯ ಮೂಲೆಯಲ್ಲಿ ಕಂಡು, ತೊಳೆದು, ತೂಬಿನ ಬಳಿಯ ಗೋಡೆಯ ಗೂಡಿನಲ್ಲಿ ಇಟ್ಟಳು. ಅಂಚು ಒಂದು ಕಡೆ ಮುಕ್ಕಾಗಿದೆ. ಈಗ ಎಲ್ಲ ಹಕ್ಕಿಗಳಿಗೂ ಸರ್ಕಾರದ ಕಾನೂನಿನ ರಕ್ಷಣೆ ಇದೆಯೆಂದು ಕೇಳಿದ್ದೇನೆ, ಸಂತೋಷ. ನಮ್ಮ ಊರಿನಲ್ಲಿ ಮಾತ್ರ ಇಂದಿಗೂ ಯಾರಾದರೂ ಯಾರ ಮೇಲಾದರೂ ಆತುರದಿಂದ ದೂರು ಹೇಳಿದರೆ, ಹಿರಿಯರು, “ಮೊದ್ಲು ಮಡಕೆ ಹಾಕ್ಕೊಂಡು ನೋಡು” ಎನ್ನುತ್ತಾರೆ. ಹೇಳಿಸಿಕೊಂಡವರು ಕೆಲವರು ನಿಜವಾಗಿಯೂ ಬಂದು ಹಾಕಿಕೊಳ್ಳುತ್ತಾರೆ. ಕಿವಿಗಳಿಗೆ ಇಂದಿಗೂ ಕಷ್ಟವೇ.

ವರ್ಷದ ಬಹುಭಾಗ ಆ ಬಿಳಿಯ ಪಟ ಮಡಿಸಿಕೊಂಡು ನನ್ನೊಳಗೆ ಮಲಗಿರುತ್ತದೆ. ತಾರ್ಕಿಕರ ಘಟವೂ ಪಟವೂ ಹೀಗೆ ಒಂದೇ ಗೂಡಿನಲ್ಲಿ ಕಾಲ ಕಳೆಯುತ್ತಿವೆ. ಒಬ್ಬನು ನೋಡಲಾರದೆ ಹೋದದ್ದು, ಇನ್ನೊಬ್ಬನು ಏರದೆ ಉಳಿದದ್ದು, ಎರಡೂ ಸೇರಿ ಒಂದು ಜೀವ ಹೋಯಿತು. ಅದನ್ನು ನಾವಿಬ್ಬರೂ ಮರೆತಿಲ್ಲ.

ನಿನ್ನೆ ಬೆಳಗ್ಗೆ ಮಂಜಿನೊಳಗಿನಿಂದ ಕೂಗು ಕೇಳಿತು, ಒಂದಕ್ಕೆ ಒಂದು ಉತ್ತರ. ಏರಿಯ ಮೇಲೆ ಅವಸರದ ಹೆಜ್ಜೆಗಳು. ರಂಗನಾಯಕಿಯ ಕೈ ನನ್ನೊಳಗೆ ಬಂದು ಪಟವನ್ನು ಎತ್ತಿಕೊಂಡಿತು. ನಾನು ಮತ್ತೆ ಬರಿದಾದೆ. ತುಂಬಿರುವುದೇ ಮಡಕೆಗೆ ಸುಖವೆಂದು ಲೋಕ ಎಣಿಸುತ್ತದೆ. ನನ್ನ ದೊಡ್ಡ ಕಣ್ಣುಗಳಿಂದ ಬೆಳಕು ಒಳಕ್ಕೆ ಬಂದು, ತಳದಲ್ಲಿ ಎರಡು ಬಿಸಿಲಿನ ಬಿಲ್ಲೆಗಳಾಗಿ ಕುಳಿತುಕೊಂಡಿತು.